ಧಾರವಾಡ ಸೀಮೆಯ ಹತ್ತಿಯ ಕಸಬಿನಲ್ಲಿ ಮಾನವ ಬಲ

ಶಕ್ತಿಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಉಗಿಯಂತ್ರದಿಂದ ಆರಂಭಿಸಿ ವಿದ್ಯುತ್ತಿನಲ್ಲಿ ಮುಗಿಸುತ್ತಾರೆ. ಅದಕ್ಕೂ ಹಿಂದಿನ ಸಹಸ್ರಾರು ವರ್ಷ ಲೋಕದ ಕೆಲಸವನ್ನು ನಡೆಯಿಸಿದ ಮನುಷ್ಯನ ರಟ್ಟೆಗೂ ಕಾಲಿಗೂ ಪೀಠಿಕೆಯ ಒಂದೆರಡು ವಾಕ್ಯಗಳೇ ಸಾಕೆಂದು ಅವರು ಭಾವಿಸಿದಂತೆ ತೋರುತ್ತದೆ. ಈಚಿನ ವರ್ಷಗಳಲ್ಲಿ ಪರಿಸರದ ಚಿಂತೆ ಬಲಿತ ಮೇಲೆ ಈ ಪೂರ್ವಶಕ್ತಿಯ ಸ್ಮರಣೆ ಮರಳಿದೆ. ಹೊಗೆಯಿಲ್ಲದ, ಇಂಧನ ಬೇಡದ, ನಿತ್ಯ ದೊರೆಯುವ ಹಸಿರು ಶಕ್ತಿಯೆಂದು ಮಾನವ ಬಲವನ್ನು ಕೊಂಡಾಡುವವರೂ ಇದ್ದಾರೆ. ಈ ಪ್ರಶಂಸೆ ಎಷ್ಟರ ಮಟ್ಟಿಗೆ ಸಲ್ಲತಕ್ಕದ್ದು ಎಂಬುದನ್ನು ಹುಬ್ಬಳ್ಳಿ-ಧಾರವಾಡ ಸೀಮೆಯ ಹತ್ತಿಯ ಕಸಬನ್ನು ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಅಳತೆಯ ಮಾತು. ಆರೋಗ್ಯವಂತನಾದ ದುಡಿಮೆಗಾರನು ದಿನವಿಡೀ ಒಂದೇ ಸಮನೆ ಕೊಡಬಲ್ಲ ಯಾಂತ್ರಿಕ ಶಕ್ತಿ ಸುಮಾರು 75 ವ್ಯಾಟ್. ಎಂಟು ತಾಸು ದುಡಿದರೂ ಒಟ್ಟು ಫಲ ವಿದ್ಯುತ್ತಿನ ಒಂದು ಯೂನಿಟ್ಟಿನ ಐದರಲ್ಲಿ ಮೂರು ಪಾಲಿನಷ್ಟು ಮಾತ್ರ. ಅದೂ ಇಂಧನವಿಲ್ಲದೆ ಬಂದುದಲ್ಲ. ಉಂಡ ಅನ್ನದ ಶಕ್ತಿಯಲ್ಲಿ ಸ್ನಾಯುಗಳು ಕೆಲಸಕ್ಕೆ ತಿರುಗಿಸುವುದು ಹೆಚ್ಚೆಂದರೆ ನಾಲ್ಕರಲ್ಲಿ ಒಂದು ಪಾಲು. ಉಳಿದುದು ಶಾಖವಾಗಿ ಹೋಗುತ್ತದೆ. ಎರೆಭೂಮಿಯ ಜೋಳವೇ ಇಲ್ಲಿಯ ಕಲ್ಲಿದ್ದಲು. ಬರಿಯ ಶಕ್ತಿಯೆಂದು ಎಣಿಸಿದರೆ ಮನುಷ್ಯನ ಒಂದು ದಿನದ ದುಡಿಮೆಯ ಬೆಲೆ ಕೆಲವೇ ರೂಪಾಯಿಗಳಾದೀತು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಚರಿತ್ರೆಯನ್ನು ನೋಡತಕ್ಕದ್ದು.

ಈ ಸೀಮೆಯ ಎರೆಯಲ್ಲಿ ಬಹುಕಾಲದಿಂದ ಬೆಳೆಯುತ್ತಿದ್ದ ದೇಶೀ ಹತ್ತಿ ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದುದರಿಂದ ವ್ಯಾಪಾರಿಗಳಲ್ಲಿ ಕುಮಟಾ ಹತ್ತಿಯೆಂದೇ ಹೆಸರಾಯಿತು. ಹೊಲದಿಂದ ಬಂದ ಹತ್ತಿಯ ತೂಕದಲ್ಲಿ ಅರಳೆ ಸುಮಾರು ಕಾಲು ಭಾಗ, ಮಿಕ್ಕುದೆಲ್ಲ ಬೀಜ. ಈ ಬೀಜವನ್ನು ಬೇರ್ಪಡಿಸುವ ಸಾಧನ ಅತ್ಯಂತ ಸರಳವಾಗಿತ್ತು: ಒಂದು ಚಪ್ಪಟೆ ಕಲ್ಲು, ಅದರ ಮೇಲೆ ಒಂದು ಕಬ್ಬಿಣದ ಸಲಾಕೆ. ಹೆಂಗಸು ಕಲ್ಲಿನ ಮುಂದೆ ಕುಳಿತು ಸಲಾಕೆಯನ್ನು ಕಾಲುಗಳಿಂದ ಹಿಂದೆ ಮುಂದೆ ಉರುಳಿಸುತ್ತ, ಕೈಯಿಂದ ಹತ್ತಿಯನ್ನು ಒಡ್ಡುತ್ತ ಹೋಗುವಳು. ಬೀಜ ಒಂದು ಕಡೆಗೆ, ಅರಳೆ ಇನ್ನೊಂದು ಕಡೆಗೆ ಸರಿಯುವುದು. ಕೆಲಸ ನಿಧಾನದ್ದು, ದೇಹವನ್ನು ದಣಿಸುವಂಥದು. ಆದರೆ ಎಳೆ ಮುರಿಯುತ್ತಿರಲಿಲ್ಲ. ಬೀಜ ಒಡೆಯದೆ ಬಿತ್ತನೆಗೂ ದನಗಳ ಮೇವಿಗೂ ಮನೆಯಲ್ಲಿಯೇ ಉಳಿಯುತ್ತಿತ್ತು.

1840ರ ದಶಕದಲ್ಲಿ ಲಂಕಾಶಾಯರದ ಗಿರಣಿಗಳಿಗೆ ನೀಳ ಎಳೆಯ ಹತ್ತಿಯನ್ನು ಒದಗಿಸುವ ಸಲುವಾಗಿ ಕಂಪನಿ ಸರಕಾರವು ಅಮೇರಿಕದ ತಳಿಯನ್ನು ಈ ಜಿಲ್ಲೆಯಲ್ಲಿ ಬಿತ್ತಿಸಿತು. ಅಮೇರಿಕದಿಂದ ಬಂದ ಬೆಳೆಗಾರರು ಪ್ರಯೋಗ ನಡೆಸಿದರು. ಹುಬ್ಬಳ್ಳಿಗೆ ಸಮೀಪದ ಕುಸುಗಲ್ಲಿನಲ್ಲಿಯೂ ಒಂದು ಪ್ರಯೋಗಕ್ಷೇತ್ರವಿದ್ದಿತು. ಭಾರತದ ಅನೇಕ ಕಡೆ ವಿಫಲವಾದ ಈ ತಳಿ ಇಲ್ಲಿ ನೆಲೆಯೂರಿ ಧಾರವಾಡ-ಅಮೇರಿಕನ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಆದರೆ ಅದರ ಎಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತಿದ್ದುದರಿಂದ ಕಾಲಿನ ಸಲಾಕೆ ಕೆಲಸಕ್ಕೆ ಬಾರದೆ ಹೋಯಿತು. ಗರಗಸದ ಹಲ್ಲುಗಳುಳ್ಳ ಯಂತ್ರ ಬೇಕಾಯಿತು. ಇಂಥ ಯಂತ್ರಗಳನ್ನು ಮಾಡುವ, ದುರಸ್ತಿಗೊಳಿಸುವ ಸರಕಾರೀ ಕಾರಖಾನೆ ಧಾರವಾಡದಲ್ಲಿಯೇ ಸ್ಥಾಪಿತವಾಯಿತು.

ಇಲ್ಲಿ ಗಮನಿಸತಕ್ಕ ಸಂಗತಿ ಒಂದಿದೆ. ಈ ಗರಗಸದ ಯಂತ್ರಗಳನ್ನು ಮೊದಲು ತಿರುಗಿಸಿದುದು ಉಗಿಯಲ್ಲ, ಆಳುಗಳ ತೋಳು. ಯಂತ್ರ ಬಂದೊಡನೆ ಮಾನವ ಬಲ ನಿವೃತ್ತವಾಯಿತೆಂಬ ಸಾಮಾನ್ಯ ನಂಬಿಕೆ ಈ ಜಿಲ್ಲೆಯ ಮಟ್ಟಿಗೆ ಸರಿಯಲ್ಲ. ಬದಲಾದುದು ಬಲದ ಮೂಲವಲ್ಲ, ಅದರ ಒಡೆತನ. ಕಲ್ಲು-ಸಲಾಕೆಗಳು ಮನೆಯ ಸೊತ್ತಾಗಿದ್ದವು, ಕೆಟ್ಟರೆ ಊರಿನ ಕಮ್ಮಾರನೇ ಸರಿಪಡಿಸುತ್ತಿದ್ದನು. ಗರಗಸದ ಯಂತ್ರವಾದರೋ ಬಂಡವಾಳವುಳ್ಳವನದು, ಕೆಟ್ಟರೆ ದುರಸ್ತಿಗೆ ಕಾರಖಾನೆಯೇ ಬೇಕು. 1861ರಿಂದ 1865ರ ವರೆಗೆ ನಡೆದ ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಧಾರಣೆ ಗಗನಕ್ಕೇರಿತು. ಯುದ್ಧ ಮುಗಿದೊಡನೆ ಕುಸಿಯಿತು. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಗೆ ಬಂದ ತರುವಾಯ ಉಗಿಯ ಗಿರಣಿಗಳು ಬೇರೂರಿ, ಕಾಲಿನ ಸಲಾಕೆ ಕ್ರಮೇಣ ಮೂಲೆಗೆ ಸೇರಿತು.

ಕೈನೂಲು ಸಹ ಇದೇ ದಾರಿ ಹಿಡಿಯಿತು. ಆದರೆ ಕೈಮಗ್ಗ ಉಳಿಯಿತು. ಈ ಭೇದಕ್ಕೆ ಕಾರಣ ಸ್ಪಷ್ಟವಾಗಿದೆ. ಒಂದು ಮಗ್ಗಕ್ಕೆ ಬೇಕಾಗುವಷ್ಟು ನೂಲನ್ನು ಒದಗಿಸಲು ಹಲವು ರಾಟಿಗಳು ತಿರುಗಬೇಕು. ದೇಹಶ್ರಮ ಅತ್ಯಧಿಕವಾಗಿ ಬೇಕಾಗುವ ಹಂತ ನೂಲುವುದೇ ಆದುದರಿಂದ ಯಂತ್ರದ ಪೆಟ್ಟು ಮೊದಲು ಬಿದ್ದುದೂ ಅಲ್ಲಿಯೇ. ನೇಕಾರನು ಗಿರಣಿಯ ನೂಲನ್ನು ಕೊಂಡು ಲಾಳಿ ಹಾಯಿಸುತ್ತ ಬದುಕಿದನು. ನೂಲುವ ಹೆಂಗಸಿಗೆ ಅಂಥ ಆಸರೆ ಇರಲಿಲ್ಲ.

ರಾಟಿ ಮರಳಿ ಬಂದುದು ಶಕ್ತಿಯ ಸಾಧನವಾಗಿ ಅಲ್ಲ, ರಾಜಕೀಯದ ಸಾಧನವಾಗಿ. 1924ರ ಡಿಸೆಂಬರಿನಲ್ಲಿ ನೆರೆಯ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನೆರೆಯಿತು. ಕಾಂಗ್ರೆಸ್ಸಿನ ಸದಸ್ಯನು ತಿಂಗಳಿಗೆ 2000 ಗಜ ನೂಲನ್ನು ಕೊಡಬೇಕೆಂಬ ನಿಯಮವನ್ನು ಅಲ್ಲಿ ಅಂಗೀಕರಿಸಲಾಯಿತು. ವರ್ಗಣಿಯನ್ನು ಹಣದಲ್ಲಲ್ಲ, ದೇಹಶ್ರಮದಲ್ಲಿ ಸಲ್ಲಿಸಬೇಕೆಂಬ ಈ ಕಲ್ಪನೆ ಅಪೂರ್ವವಾದುದು. ಆದರೆ ತಾನೇ ನೂಲಲು ಇಷ್ಟವಿಲ್ಲದವನು ಇತರರಿಂದ ಪಡೆದ ನೂಲನ್ನು ಕೊಡಬಹುದೆಂಬ ಸಡಿಲಿಕೆಯೂ ಜೊತೆಗೇ ಇತ್ತು. ಮರುವರ್ಷವೇ ನಿಯಮ ಬದಲಾಯಿತು. ಆದರ್ಶದ ಸಲುವಾಗಿ ನೂಲುವವರು ಕೆಲವರು, ಹೊಟ್ಟೆಯ ಸಲುವಾಗಿ ನೂಲುವವರು ಹಲವರು ಎಂಬ ಭೇದ ಆಗಿನಿಂದಲೇ ಗೋಚರವಾಗುತ್ತದೆ.

ಈ ಎರಡನೆಯವರ ದಣಿವು ಗಾಂಧೀಜಿಯವರ ಗಮನಕ್ಕೆ ಬಾರದೆ ಇರಲಿಲ್ಲ. 1929ರಲ್ಲಿ ಅಖಿಲ ಭಾರತ ಚರಕಾ ಸಂಘವು ಉತ್ತಮವಾದ ರಾಟಿಗೆ ಒಂದು ಲಕ್ಷ ರೂಪಾಯಿಗಳ ಬಹುಮಾನವನ್ನು ಸಾರಿತು. ಅದರ ಷರತ್ತುಗಳಲ್ಲಿ ಒಂದು ವಿಶೇಷವಾಗಿ ವಿಚಾರಾರ್ಹವಾಗಿದೆ: ಗುಡಿಸಲಿನಲ್ಲಿ ಹೆಣ್ಣುಮಗಳೊಬ್ಬಳು ಅತಿ ಆಯಾಸವಿಲ್ಲದೆ ಎಂಟು ತಾಸು ಸತತವಾಗಿ ನಡೆಯಿಸುವಂತಿರಬೇಕು. ಕಲ್ಲು-ಸಲಾಕೆಯ ಮುಂದೆ ಕುಳಿತವಳ ಕಾಲುನೋವನ್ನು ಯಾವ ಸರಕಾರವೂ ಅಳೆದಿರಲಿಲ್ಲ. ಇಲ್ಲಿ ಯಂತ್ರದ ಮಿತಿಯನ್ನು ದೇಹದ ಮಿತಿಯೇ ನಿರ್ಧರಿಸುವಂತಾಯಿತು. ಬಹುಮಾನ ಯಾರಿಗೂ ಸಲ್ಲಲಿಲ್ಲ. ಸ್ವಾತಂತ್ರ್ಯಾನಂತರ ತಮಿಳುನಾಡಿನ ಏಕಾಂಬರನಾಥನ್ ಎಂಬವರು ರೂಪಿಸಿದ ಅಂಬರ ಚರಕದಲ್ಲಿ ಒಂದೇ ಕೈಯ ತಿರುವಿಗೆ ಹಲವು ಕದಿರುಗಳು ತಿರುಗತೊಡಗಿದವು. ಬಲ ಹೆಚ್ಚಲಿಲ್ಲ, ಇದ್ದ ಬಲ ಹೆಚ್ಚು ಫಲಿಸಿತು.

1957ರ ನವೆಂಬರ್ 1ರಂದು ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪಿತವಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಬೆಂಗೇರಿಯಲ್ಲಿಯ ಅದರ ಘಟಕವು ಭಾರತೀಯ ಮಾನಕ ಸಂಸ್ಥೆಯ ಪ್ರಮಾಣಪತ್ರವನ್ನು ಪಡೆದು ರಾಷ್ಟ್ರಧ್ವಜಗಳನ್ನು ಸಿದ್ಧಪಡಿಸುವ ಕೇಂದ್ರವಾಗಿ ದೇಶದಲ್ಲೆಲ್ಲ ಹೆಸರಾಯಿತು. ಧಾರವಾಡ ತಾಲೂಕಿನ ಗರಗ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ ಮೊದಲಾದೆಡೆ ಧ್ವಜದ ಬಟ್ಟೆ ತಯಾರಾಗುತ್ತದೆ. ಎಳೆಗಳ ಸಂಖ್ಯೆ, ತೂಕ, ಬಣ್ಣದ ಗಟ್ಟಿತನ ಇವೆಲ್ಲಕ್ಕೂ ಕಟ್ಟುನಿಟ್ಟಾದ ಪ್ರಮಾಣವಿದೆ. ನೂಲುವವರಲ್ಲಿಯೂ ಹೊಲಿಯುವವರಲ್ಲಿಯೂ ಹೆಂಗಸರೇ ಅಧಿಕ. ವಿದ್ಯುತ್ತಿನ ಎದುರಿನಲ್ಲಿ ಈ ದುಡಿಮೆ ಹೇಗೆ ಉಳಿಯಿತು? ಅಗ್ಗವಾಗಿದ್ದುದರಿಂದಲ್ಲ. ಧ್ವಜ ಕೈನೂಲಿನದೂ ಕೈನೇಯ್ಗೆಯದೂ ಆಗಿರಬೇಕೆಂದು ನಿಯಮವಿದ್ದುದರಿಂದ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ದೊರೆಯಿತು. 2022ರಲ್ಲಿ ಹುಬ್ಬಳ್ಳಿಯ ಸಂಘವು ಇದನ್ನು ಪ್ರತಿಭಟಿಸಿತು. ನಿಯಮದ ಒಂದು ಸಾಲು ಬದಲಾದೊಡನೆ ಸಾವಿರಾರು ಕೈಗಳ ದುಡಿಮೆ ಸಂಶಯಕ್ಕೆ ಒಳಗಾಗುವುದೆಂಬುದು ಅಂದು ವ್ಯಕ್ತವಾಯಿತು.

ಈ ಪರಿಶೀಲನೆಯಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ. ಮಾನವ ಬಲವನ್ನು ಬರಿಯ ಶಕ್ತಿಯೆಂದು ಅಳೆದಲ್ಲೆಲ್ಲ ಅದು ಸೋತಿದೆ. ಒಂದು ಯೂನಿಟ್ಟಿಗೂ ಸಾಲದ ಬಲ ಗೆಲ್ಲುವುದು ಸಾಧ್ಯವೂ ಇಲ್ಲ. ಅದು ಉಳಿದುದು, ಆ ಬಲದ ಹಿಂದಿರುವ ವ್ಯಕ್ತಿಗೆ ಸಮಾಜವು ಬುದ್ಧಿಪೂರ್ವಕವಾಗಿ ಬೆಲೆ ಕಟ್ಟಿದಲ್ಲಿ. ಆದುದರಿಂದ ಕೈದುಡಿಮೆಯನ್ನು ಹಸಿರು ಶಕ್ತಿಯೆಂದು ಹೊಗಳುವವರು ಅದರಲ್ಲಿ ಹೊಗೆಯಿಲ್ಲವೆಂಬ ಮಾತ್ರಕ್ಕೆ ತೃಪ್ತರಾಗಬಾರದು. ಆ ಕೈ ಯಾರದು, ದಿನಕ್ಕೆ ಎಷ್ಟು ತಾಸು ದುಡಿಯುತ್ತದೆ, ಸಂಜೆಗೆ ಅದಕ್ಕೆ ದೊರೆಯುವ ಕೂಲಿ ಎಷ್ಟು ಎಂಬುದನ್ನೂ ಕೇಳಬೇಕು. 1929ರ ಷರತ್ತು ಈ ಪ್ರಶ್ನೆಗಳಲ್ಲಿ ಒಂದನ್ನಾದರೂ ಕೇಳಿತ್ತು. ಉಳಿದವುಗಳಿಗೆ ಗರಗ-ಬೆಂಗೇರಿಗಳ ಕೂಲಿಯ ಲೆಕ್ಕದಲ್ಲಿ ಉತ್ತರವನ್ನು ಹುಡುಕುವುದು ನಮ್ಮ ಸಂಶೋಧಕರ ಮುಂದಿನ ಕೆಲಸ.