ಕವಳದ ನಾಡಿನಲ್ಲಿ ಬಾಯಿ ನೋಡುವ ಯಂತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮನೆಗೆ ಬಂದವರಿಗೆ ಕುಡಿಯಲು ಆಸರಿ ಕೊಟ್ಟಾದ ಮೇಲೆ ಎಲೆಯಡಿಕೆಯ ಕವಳದ ಬಟ್ಟಲು ಮುಂದೆ ಬರುತ್ತದೆ. ಮಕ್ಕಳ ಓದು, ಮದುವೆ, ಸೊಸೈಟಿಯ ಸಾಲ ಎಲ್ಲವೂ ಅಡಿಕೆಯ ದರದ ಮೇಲೆ ನಿಂತ ಊರುಗಳಿವು. ಹಾಗಾಗಿ ಬಾಯಿ ಕ್ಯಾನ್ಸರಿನ ಮಾತು ಇಲ್ಲಿ ಬೇಗ ಅಡಿಕೆ ಮಾರುಕಟ್ಟೆಯ ಜಗಳಕ್ಕೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ್ದು 2004ರ ವರದಿಯಲ್ಲಿ. ಗುಟ್ಕಾ ಬೇರೆ, ಕವಳ ಬೇರೆ ಎಂಬ ಬೆಳೆಗಾರರ ವಾದ ಅಂದಿನಿಂದಲೂ ನಡೆದಿದೆ. ಅದೇ ಸಂಸ್ಥೆಯ 2024ರ ಅಂದಾಜಿನಂತೆ, 2022ರಲ್ಲಿ ಜಗತ್ತಿನ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1.2 ಲಕ್ಷಕ್ಕೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣ; ಅದರಲ್ಲಿ 83 ಸಾವಿರ ಭಾರತದ್ದು. ಯಾರ ವಾದ ಗೆದ್ದರೂ ಕವಳ ಹಾಕುವವರ ಬಾಯನ್ನು ಯಾರಾದರೂ ನೋಡಲೇಬೇಕು. ಈ ನೋಡುವ ವಿದ್ಯೆ ಬೆಳೆದು ಬಂದ ದಾರಿಯಲ್ಲಿ ಕರ್ನಾಟಕದ ಪಾಲು ದೊಡ್ಡದು.

ಕಾಯಿಲೆ ಎಂದು ಹೇಳದವರನ್ನೂ ಚಿತ್ರ ತೆಗೆದು ಪರೀಕ್ಷಿಸುವ ಕ್ರಮ ಶುರುವಾದದ್ದು ಕ್ಷಯದಿಂದ. ಬ್ರೆಜಿಲ್‌ನ ಮಾನುಯೆಲ್ ಡಿ ಅಬ್ರೂ 1936ರಲ್ಲಿ ಎದೆಯ ಎಕ್ಸ್‌ರೇಯನ್ನು ಸಣ್ಣ ಫಿಲ್ಮಿಗೆ ಇಳಿಸಿದರು. ಖರ್ಚು ಇಳಿಯಿತು, ವ್ಯಾನುಗಳು ಊರೂರು ಸುತ್ತಿದವು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಹುಟ್ಟಿತು. ಅದರ ತಂಡ 1960–61ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಇಂಥ ಸಮೀಕ್ಷೆ ನಡೆಸಿತು. ಆ ಬೆನ್ನಿಗೇ ಸಮಾಜವಿಜ್ಞಾನಿ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಆ ರೋಗಿಗಳ ಮನೆಗಳಿಗೇ ಹೋಗಿ ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ತಜ್ಞರಿಗೆ ಮುಜುಗರ ತಂದಿರಬೇಕು: ಎಕ್ಸ್‌ರೇ ‘ಪತ್ತೆ ಹಚ್ಚಿದ’ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೆಮ್ಮುತ್ತಲೇ ಆಗಲೇ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ಅವರ ಕಫ ಪರೀಕ್ಷೆ ಆಗಿರಲಿಲ್ಲ. ರೋಗಿ ಬಾಗಿಲು ತಟ್ಟಿದ್ದ, ಒಳಗಿದ್ದವರು ಗಮನಿಸಿರಲಿಲ್ಲ. ಭಾರತದ ಕ್ಷಯ ಕಾರ್ಯಕ್ರಮ ವ್ಯಾನುಗಳನ್ನು ಬಿಟ್ಟು ಆಸ್ಪತ್ರೆಗೆ ಬಂದವರ ಕಫದ ಕಡೆ ತಿರುಗಿದ್ದಕ್ಕೆ ಇದೊಂದು ಬಲವಾದ ಕಾರಣ. ಅಚ್ಚರಿಯೆಂದರೆ, 2019–21ರ ರಾಷ್ಟ್ರೀಯ ಸಮೀಕ್ಷೆ ತಕ್ಕಡಿಯನ್ನು ಮತ್ತೆ ತಿರುಗಿಸಿತು: ಎದೆಯ ಎಕ್ಸ್‌ರೇ ಇಲ್ಲದಿದ್ದರೆ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಕ್ಷಯರೋಗಿಗಳು ಕೈತಪ್ಪುತ್ತಿದ್ದರು. ಎಕ್ಸ್‌ರೇ ಓದುವ ಕೆಲಸವನ್ನು ಸಾಫ್ಟ್‌ವೇರ್‌ಗೆ ವಹಿಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದೂ 2021ರಲ್ಲೇ.

ಯಂತ್ರ ಬೇಕೆನಿಸಿದ್ದು ಓದುವವರ ಕೊರತೆಯಿಂದ ಮಾತ್ರವಲ್ಲ. 1947ರಲ್ಲಿ ಅಮೆರಿಕದಲ್ಲಿ ಐವರು ತಜ್ಞರಿಗೆ ಒಂದೇ ಫಿಲ್ಮುಗಳನ್ನು ಕೊಟ್ಟು ನೋಡಿದರು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣಲಿಲ್ಲ; ಕೆಲವು ತಿಂಗಳ ಬಳಿಕ ಅವೇ ಫಿಲ್ಮುಗಳನ್ನು ಮತ್ತೆ ಕೊಟ್ಟಾಗ ತಜ್ಞರು ತಮ್ಮದೇ ಹಿಂದಿನ ತೀರ್ಪನ್ನು ತಿರುಗಿಸಿದರು. ಇಬ್ಬರು ಓದಬೇಕೆಂಬ ಪದ್ಧತಿಗೆ ಬಲ ಬಂದದ್ದು ಅಲ್ಲಿಂದ. ಎರಡನೆಯ ಓದುಗನ ಜಾಗಕ್ಕೆ ಕಂಪ್ಯೂಟರನ್ನು ಕೂರಿಸುವ ಯತ್ನ ಮೊದಲು ಎಡವಿತು: 1998ರಲ್ಲಿ ಅಮೆರಿಕ ಮಾನ್ಯತೆ ಕೊಟ್ಟ ಸ್ತನ ಎಕ್ಸ್‌ರೇ ಸಾಫ್ಟ್‌ವೇರ್ ಸುಳ್ಳು ಗುರುತುಗಳಿಂದ ವೈದ್ಯರ ನಿಖರತೆಯನ್ನು ಇಳಿಸುತ್ತಿದೆ ಎಂದು 2007ರ ದೊಡ್ಡ ಅಧ್ಯಯನವೊಂದು ತೋರಿಸಿತು. ಇಂಥ ಲಕ್ಷಣ ಹುಡುಕು ಎಂದು ಹೇಳಿಕೊಡುವ ಬದಲು ಸಾವಿರಾರು ಚಿತ್ರಗಳಿಂದ ಯಂತ್ರವೇ ಕಲಿಯುವ ಪದ್ಧತಿ ಬಂದದ್ದು 2012ರ ನಂತರ. ಮಧುರೈನ ಅರವಿಂದ ಮತ್ತು ಚೆನ್ನೈನ ಶಂಕರ ನೇತ್ರಾಲಯಗಳ ಚಿತ್ರಗಳನ್ನೂ ಬಳಸಿ ಗೂಗಲ್ 2016ರಲ್ಲಿ ಮಧುಮೇಹದ ಕಣ್ಣಿನ ತೊಂದರೆಯನ್ನು ಗುರುತಿಸಿ ತೋರಿಸಿತು. ಅದಕ್ಕೂ ಮೊದಲೇ, 2008ರಲ್ಲಿ, ಬೆಂಗಳೂರಿನ ನಾರಾಯಣ ನೇತ್ರಾಲಯ ಅವಧಿಗೆ ಮುನ್ನ ಹುಟ್ಟಿದ ಹಸುಗೂಸುಗಳ ಕಣ್ಣಿನ ಚಿತ್ರವನ್ನು ಜಿಲ್ಲೆಗಳಲ್ಲಿ ತೆಗೆದು ನಗರದ ತಜ್ಞರಿಗೆ ಕಳಿಸುವ ‘ಕಿಡ್ರಾಪ್’ ಯೋಜನೆ ಹೂಡಿತ್ತು. ಅದರ ಜಾಣತನ ಕ್ಯಾಮೆರಾದಲ್ಲಿ ಇರಲಿಲ್ಲ, ವೈದ್ಯರಲ್ಲದ ತಂತ್ರಜ್ಞರನ್ನು ಪಳಗಿಸಿದ್ದರಲ್ಲಿ ಇತ್ತು.

ಇನ್ನು ಬಾಯಿ. ಶ್ವಾಸಕೋಶವನ್ನೂ ಅಕ್ಷಿಪಟಲವನ್ನೂ ನೋಡಲು ಯಂತ್ರ ಬೇಕು. ಬಾಯಿಗೆ ಟಾರ್ಚು ಸಾಕು. ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ವಾರಗಟ್ಟಲೆ ಮಾಯದ ಹುಣ್ಣು ಬರಿಗಣ್ಣಿಗೇ ಕಾಣುತ್ತವೆ. ಅಡಿಕೆಯೊಡನೆ ನೇರ ನಂಟಿರುವ ಸಬ್‌ಮ್ಯೂಕಸ್ ಫೈಬ್ರೋಸಿಸ್‌ನಲ್ಲಿ ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯುತ್ತದೆ, ಖಾರ ತಾಗಿದರೆ ಉರಿಯುತ್ತದೆ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಬಾಯಿ ನೋಡುವುದಕ್ಕೆ ವೈದ್ಯರೇ ಬೇಕಿಲ್ಲ ಎಂಬುದನ್ನು 1980ರ ದಶಕದಲ್ಲೇ ಶ್ರೀಲಂಕಾ ಮತ್ತು ಎರ್ನಾಕುಲಂನ ಆರೋಗ್ಯ ಕಾರ್ಯಕರ್ತರು ತೋರಿಸಿದ್ದರು. ಆದರೆ ಅದರಿಂದ ಜೀವ ಉಳಿಯುತ್ತದೆಯೇ? ಉತ್ತರ ತಿರುವನಂತಪುರದಿಂದ ಬಂತು. 1996ರಲ್ಲಿ ಆರಂಭಿಸಿ, 13 ಪಂಚಾಯಿತಿಗಳ 35 ದಾಟಿದ ಸುಮಾರು 1.9 ಲಕ್ಷ ಜನರನ್ನು ಆರ್. ಶಂಕರನಾರಾಯಣನ್ ಅವರ ತಂಡ ಎರಡು ಪಾಲು ಮಾಡಿ ಹೋಲಿಸಿತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ, ತಪಾಸಣೆ ನಡೆದ ಕಡೆ ಬಾಯಿ ಕ್ಯಾನ್ಸರಿನ ಸಾವು ಶೇ. 34ರಷ್ಟು ಕಡಿಮೆಯಾಗಿತ್ತು ಎಂದು 2005ರಲ್ಲಿ ವರದಿಯಾಯಿತು. ಎಲ್ಲರನ್ನೂ ಸೇರಿಸಿದರೆ ಲಾಭ ಅಷ್ಟು ಖಚಿತವಾಗಿರಲಿಲ್ಲ. ಈ ಫಲಿತಾಂಶವನ್ನು ಉಲ್ಲೇಖಿಸುವವರು ಇನ್ನೊಂದು ಅಂಶವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ: ಅನುಮಾನ ಬಂದು ಮುಂದಿನ ಪರೀಕ್ಷೆಗೆ ಕಳಿಸಿದವರಲ್ಲಿ ಹೋದವರು ಐದರಲ್ಲಿ ಸುಮಾರು ಮೂವರು ಮಾತ್ರ. ಸಾರಿಗೆಯೂ ಸಾಕ್ಷರತೆಯೂ ಅಷ್ಟಿರುವ ಕೇರಳದಲ್ಲಿ!

ಕರ್ನಾಟಕದಲ್ಲಿ ಬಾಯಿಗೆ ಮೊಬೈಲು ಹಿಡಿದವರು ಬಯೋಕಾನ್ ಫೌಂಡೇಶನ್, ಮಜುಂದಾರ್ ಶಾ ಕ್ಯಾನ್ಸರ್ ಕೇಂದ್ರದ ಮೋನಿ ಕುರಿಯಾಕೋಸ್ ಮತ್ತು ಬೆಂಗಳೂರಿನ ಕೆಎಲ್‌ಇ ದಂತ ಕಾಲೇಜಿನ ಪ್ರವೀಣ್ ಬಿರೂರ್. ಕಾರ್ಯಕರ್ತೆ ಫೋಟೊ ತೆಗೆದು ಕಳಿಸುವುದು, ದೂರದ ತಜ್ಞರು ನೋಡಿ ಹೇಳುವುದು: ಇದು ಮೊದಲ ಹಂತ. ಮುಂದೆ ಅಮೆರಿಕದ ಅರಿಝೋನಾ ವಿಶ್ವವಿದ್ಯಾಲಯ ಜೊತೆಗೂಡಿತು. 2018ರಲ್ಲಿ ಪ್ರಕಟವಾದ ಸಾಧನ ಸ್ಮಾರ್ಟ್‌ಫೋನಿಗೆ ಸಿಕ್ಕಿಸುವಂಥದ್ದು, ಎರಡು ಬೆಳಕಿನಲ್ಲಿ ಚಿತ್ರ ತೆಗೆಯುತ್ತದೆ: ಒಂದು ಸಾಮಾನ್ಯ ಬೆಳಕು, ಇನ್ನೊಂದು ನೇರಳೆ. ನೇರಳೆ ಬೆಳಕಿಗೆ ಆರೋಗ್ಯವಂತ ಒಳಚರ್ಮ ಹಸಿರಾಗಿ ಮಿನುಗುತ್ತದೆ, ಕೆಡುತ್ತಿರುವ ಭಾಗ ಕಪ್ಪಾಗಿ ಕಾಣುತ್ತದೆ. ಎರಡನ್ನೂ ಜೋಡಿಸಿ ನೋಡಲು ಯಂತ್ರಕ್ಕೆ ಕಲಿಸಿದರು. ಫೋನಿನ ಒಳಗೇ ಓಡುವ ಹಗುರ ಮಾದರಿಗಳೂ ಬಂದವು. ಫೋನು ಹಿಡಿದು ಗುಡ್ಡ ಹತ್ತಿ ಸಿಗ್ನಲ್ ಹುಡುಕುವ ನಮ್ಮ ಹಳ್ಳಿಗಳಿಗೆ ಇದು ಸಣ್ಣ ಅನುಕೂಲವಲ್ಲ.

ಆದರೂ ಮಲೆನಾಡಿಗೆ ತರುವ ಮುನ್ನ ಥಾಯ್ಲೆಂಡ್ ನೆನಪಿರಲಿ. ಅಲ್ಲಿನ ಕ್ಲಿನಿಕ್ಕುಗಳಲ್ಲಿ ಗೂಗಲ್‌ನ ಕಣ್ಣಿನ ಯಂತ್ರವನ್ನು ನಿಜವಾಗಿ ಬಳಸಿದಾಗ ಐದರಲ್ಲೊಂದು ಚಿತ್ರವನ್ನು ಅದು ‘ಸ್ಪಷ್ಟವಿಲ್ಲ’ ಎಂದು ತಳ್ಳಿತು. ಕತ್ತಲಾಗಿಸಲು ಪ್ರತ್ಯೇಕ ಕೋಣೆ ಎಲ್ಲ ಕಡೆ ಇರಲಿಲ್ಲ. ಆಷಾಢದ ಮಳೆಯಲ್ಲಿ, ಕರೆಂಟಿಲ್ಲದ ಜಗಲಿಯಲ್ಲಿ, ಆಗಷ್ಟೇ ಕವಳ ಉಗುಳಿ ಬಂದವರ ಕೆಂಪು ಬಾಯಿಯ ಚಿತ್ರ ಹೇಗಿರುತ್ತದೆ? ಯಲ್ಲಾಪುರದ ಸಿದ್ದಿಗಳಂತೆ ಮೈಬಣ್ಣ ಗಾಢವಾಗಿರುವವರ ಬಾಯೊಳಗೆ ಸಹಜವಾದ ಕಪ್ಪು ಛಾಯೆ ಇರಬಹುದು. ಯಂತ್ರ ಅದನ್ನೂ ಕಲಿತಿರಬೇಕು.

ಲೆಕ್ಕವೊಂದನ್ನು ಹಾಕಿ ನೋಡಿ. ಸಾವಿರ ಜನರಲ್ಲಿ ಐವರಿಗೆ ತೊಂದರೆ ಇದೆ, ಯಂತ್ರ ರೋಗವನ್ನೂ ಆರೋಗ್ಯವನ್ನೂ ನೂರಕ್ಕೆ ತೊಂಬತ್ತು ಸಲ ಸರಿಯಾಗಿ ಹೇಳುತ್ತದೆ ಎಂದಿಟ್ಟುಕೊಳ್ಳೋಣ. ಅದು ನಾಲ್ಕೈದು ನಿಜ ರೋಗಿಗಳ ಜೊತೆ ಸುಮಾರು ನೂರು ಆರೋಗ್ಯವಂತರನ್ನೂ ಗಾಬರಿ ಹುಟ್ಟಿಸಿ ಕಳಿಸುತ್ತದೆ. ಕಳಿಸುವುದಾದರೂ ಎಲ್ಲಿಗೆ? ಶಿರಸಿಯಿಂದ ಹುಬ್ಬಳ್ಳಿ ಸುಮಾರು ನೂರು ಕಿಲೋಮೀಟರು, ಯಲ್ಲಾಪುರದಿಂದ ಎಪ್ಪತ್ತು. ಅಡಿಕೆ ಸುಲಿಯುವ ಹೆಂಗಸಿಗೆ, ಕೊಯ್ಲಿನ ದಿನಗಳಲ್ಲಿ ಮರ ಹತ್ತಿ ಅಡಿಕೆ ಕೊನೆ ಇಳಿಸುವ ಕೊನೆಗೌಡನಿಗೆ ಅದು ಒಂದು ದಿನದ ಕೂಲಿ, ಬಸ್ ಚಾರ್ಜು, ಮತ್ತೊಮ್ಮೆ ಬನ್ನಿ ಎಂದರೆ ಇನ್ನೊಂದು ದಿನ. ಬಾಯಿಯ ಚೂರನ್ನು ತೆಗೆದು ಪರೀಕ್ಷೆಗೆ ಕಳಿಸುವ ಬಯಾಪ್ಸಿ ತಾಲ್ಲೂಕಿನ ದಂತ ವೈದ್ಯರ ಕೈಯಲ್ಲೇ ಆಗುವಂತಾದರೆ, ಚೂರು ಬಸ್ಸು ಹತ್ತುತ್ತದೆ, ಮನುಷ್ಯ ಹತ್ತಬೇಕಿಲ್ಲ. ನನ್ನ ಮಟ್ಟಿಗೆ ಫೋನಿನ ನಿಖರತೆಗಿಂತ ಇದಕ್ಕೆ ಹಣ ಹಾಕುವುದು ಮೊದಲು.

ಕೇಂದ್ರದ 2016ರ ಮಾರ್ಗಸೂಚಿಯಂತೆ 30ರಿಂದ 65 ವರ್ಷದ ಎಲ್ಲರ ಬಾಯಿಯನ್ನೂ ಐದು ವರ್ಷಕ್ಕೊಮ್ಮೆ ನೋಡಬೇಕು. ಆಶಾ ಕಾರ್ಯಕರ್ತೆಯರು ತುಂಬುವ ಫಾರಂನಲ್ಲಿ ಬಾಯಿ ತೆರೆಯಲು ಕಷ್ಟವೇ, ಎರಡು ವಾರದಲ್ಲಿ ಮಾಯದ ಹುಣ್ಣಿದೆಯೇ ಎಂಬ ಪ್ರಶ್ನೆಗಳು ಆಗಲೇ ಇವೆ. ಅವಕ್ಕೆ ಯಂತ್ರವೂ ಬೇಡ, ನೆಟ್‌ವರ್ಕೂ ಬೇಡ. ‘ಹೌದು’ ಎಂದವರಲ್ಲಿ ಎಷ್ಟು ಮಂದಿ ಮುಂದಿನ ಪರೀಕ್ಷೆಗೆ ತಲುಪಿದರು ಎಂಬ ಲೆಕ್ಕವನ್ನು ಪ್ರತಿ ಗ್ರಾಮ ಪಂಚಾಯಿತಿ ವರ್ಷಕ್ಕೊಮ್ಮೆ ಬೋರ್ಡಿನ ಮೇಲೆ ಬರೆದು ಹಾಕಲಿ.