ಕ್ಯಾಮೆರಾ ಯಾರ ಕೈಯಲ್ಲಿ?

ನಿಜವಾಗಿ ನಡೆದದ್ದನ್ನು ಆಟ ಕಟ್ಟಿ ಆಡೋದು ನಮ್ಮ ಜಮಖಂಡಿ-ಮುಧೋಳದ ಕಡೆಯವರಿಗೆ ಹೊಸದಲ್ಲ. ಬೆಳತನಕ ಕೂತು ನೋಡುವ ಸಣ್ಣಾಟ 'ಸಂಗ್ಯಾ ಬಾಳ್ಯಾ' ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದರ ಕಥೆ ಅಂತಲೇ ಹಿರಿಯರು ಹೇಳ್ತಾರೆ. ಆಮೇಲೆ 'ಸಮುದಾಯ'ದವರು 1977ರ ಬಿಹಾರದ ಹತ್ಯಾಕಾಂಡವನ್ನು 'ಬೆಲ್ಚಿ' ಎಂಬ ಬೀದಿನಾಟಕ ಮಾಡಿ ಕರ್ನಾಟಕದ ಊರೂರಲ್ಲಿ ಆಡಿದರು.

ಆದರೆ ನಮ್ಮ ಓಣಿಯದೇ ಒಂದು ಕಥೆ ಇತ್ತಲ್ಲ? ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳದು... ಅದನ್ನು ಯಾರು ಆಡಬೇಕಿತ್ತು?

ಮುಂಬಯಿ ಪ್ರಾಂತ್ಯದಲ್ಲಿ ದೇವದಾಸಿ ಬಿಡುವುದರ ವಿರುದ್ಧ 1934ರಲ್ಲೇ ಕಾನೂನು ಬಂದಿತ್ತು. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. ಹಾಗಾಗಿ ಆ ಕಾನೂನು ಇಲ್ಲಿಗೆ ಬರಲಿಲ್ಲ. ಸಂಸ್ಥಾನಗಳು ವಿಲೀನವಾದದ್ದು 1948ರಲ್ಲಿ, ಕರ್ನಾಟಕದ್ದೇ ಕಾಯ್ದೆ ಆದದ್ದು 1982ರಲ್ಲಿ. ಕಾಯ್ದೆ ಬಂತು, ಬಡತನ ಹೋಗಲಿಲ್ಲ. ಎಷ್ಟೋ ಜನ ಕೃಷ್ಣೆ ದಾಟಿ ಸಾಂಗ್ಲಿ, ಪುಣೆ, ಮುಂಬೈ ಸೇರಿದರು. ಹಿಂದೆಯೇ ಎಚ್‌ಐವಿ ಬಂತು. 2003ರಲ್ಲಿ ಬಾಗಲಕೋಟೆ ಜಿಲ್ಲೆಯ ವಯಸ್ಕರ ರಕ್ತ ಪರೀಕ್ಷಿಸಿದ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 3 ಜನರಲ್ಲಿ ಸೋಂಕಿತ್ತು. ಗಮನಿಸಿ, ಇದು ದಂಧೆಯವರ ಲೆಕ್ಕವಲ್ಲ, ನಮ್ಮ ನಿಮ್ಮಂಥವರದು.

ಸಾಂಗ್ಲಿಯಲ್ಲಿ 1992ರಲ್ಲಿ 'ಸಂಗ್ರಾಮ್' ಸಂಸ್ಥೆ ಶುರುವಾಯಿತು. ಓಣಿಯ ಹೆಂಗಸರೇ ಮನೆಮನೆಗೆ ಹೋಗಿ ಕಾಂಡೋಮ್ ಹಂಚಿದರು, ರೋಗದ ಬಗ್ಗೆ ತಿಳಿಸಿದರು. 1996ರಲ್ಲಿ ಅವರದೇ ಸಂಘಟನೆ ಆಯಿತು: ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್, ಚಿಕ್ಕದಾಗಿ 'ವ್ಯಾಂಪ್'. ಅದರಲ್ಲಿ ಕನ್ನಡ ಮನೆಮಾತಿನವರು ಬಹಳ. ಇವರು ತಮ್ಮ ಬದುಕನ್ನೇ ನಾಟಕ ಮಾಡಿ ತಾವೇ ಆಡಿದರು. 'ಮೈ ಮದರ್, ದ ಘರ್‌ವಾಲಿ, ಹರ್ ಮಾಲಕ್, ಹಿಸ್ ವೈಫ್' ಅಂತ ಹೆಸರು. ತಾಯಿ, ಘರ್‌ವಾಲಿ, ಮಾಲಕ, ಅವನ ಹೆಂಡತಿ... ಹೆಸರಲ್ಲೇ ಸಂಸಾರ ಇದೆ ನೋಡಿ! ಪಾಪದ ಹೆಣ್ಣೂ ಅಲ್ಲ, ರೋಗದ ಮೂಲವೂ ಅಲ್ಲ.

2010ರಲ್ಲಿ ಸಾರಾ ಹ್ಯಾರಿಸ್ ಎಂಬಾಕೆಯ 'ಪ್ರಾಸ್ಟಿಟ್ಯೂಟ್ಸ್ ಆಫ್ ಗಾಡ್' ಸಾಕ್ಷ್ಯಚಿತ್ರ ಅಂತರ್ಜಾಲದಲ್ಲಿ ಬಂತು. ಸಾಂಗ್ಲಿಯ ಹೆಂಗಸರೂ ಅದರಲ್ಲಿದ್ದರು. ತಮ್ಮನ್ನು ತೋರಿಸಿದ ರೀತಿ ನೋಡಿ ಅವರಿಗೆ ಸಿಟ್ಟು ಬಂತು. ಹಾಗಂತ ಅಳುತ್ತಾ ಕೂರಲಿಲ್ಲ. ತಾವೇ ಕ್ಯಾಮೆರಾ ಮುಂದೆ ಕೂತು ಉತ್ತರ ಕೊಟ್ಟು ಯೂಟ್ಯೂಬಿಗೆ ಹಾಕಿದರು. ಮುತ್ತು ಕಟ್ಟಿಸಿಕೊಂಡವರು ಚಿತ್ರ ಮಾಡಿದವರಿಗೇ ಮಾರುತ್ತರ ಕೊಟ್ಟ ದಿನ ಅದು.

ನನಗೆ ಅನಿಸೋದು ಇಷ್ಟು. ಕಾಂಡೋಮ್ ಹಂಚಿದ್ದೂ ಅವರೇ, ಆಟ ಆಡಿದ್ದೂ ಅವರೇ, ಉತ್ತರ ಕೊಟ್ಟದ್ದೂ ಅವರೇ. ಮೂರೂ ಒಂದೇ ಕೆಲಸ. ಕನಿಕರದಿಂದ ಚಿತ್ರ ತೆಗೆಯುವವರು ಇನ್ನೂ ಬರ್ತಾರೆ, ಬರಲಿ. ಆದರೆ ತೆಗೆದದ್ದನ್ನು ಮೊದಲು ಆ ಓಣಿಯಲ್ಲೇ ಒಂದು ಬಿಳಿ ಪಂಚೆ ಕಟ್ಟಿ ತೋರಿಸಲಿ. ಸಣ್ಣಾಟದವರು ಊರ ಮುಂದೆ ನಿಂತೇ ಆಡುತ್ತಿದ್ದರಲ್ಲ?