ಸೈರನ್ ಒಂದೇ, ಗಡಿಯಾರ ಬೇರೆ ಬೇರೆ

ನಮ್ಮಪ್ಪ ಹರಿಹರದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಫಸ್ಟ್ ಶಿಫ್ಟ್ ವಾರ ನಾಲ್ಕೂವರೆಗೆ ತಾನಾಗೇ ಎದ್ದು, ಸೈಕಲ್ ಒರೆಸಿ, ಹಾಡು ಗುನುಗುತ್ತಾ ಹೊರಡೋನು. ನೈಟ್ ಶಿಫ್ಟ್ ವಾರ ಬೇರೆಯದೇ ಮನುಷ್ಯ. ಹಗಲು ನಿದ್ದೆ ಹತ್ತುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಮಾತಾಡಿಸಿದರೆ ಸಿಡುಕೋನು. ನಾನು ಉಲ್ಟಾ. ದಾವಣಗೆರೆಯಲ್ಲಿ ಬಿಇ ಓದುವಾಗ ತಲೆ ಓಡುತ್ತಿದ್ದುದೇ ರಾತ್ರಿ ಹನ್ನೆರಡರ ಮೇಲೆ. ಬೆಳಿಗ್ಗೆ ಎಂಟಕ್ಕೂ ಕಣ್ಣು ಬಿಡುತ್ತಿರಲಿಲ್ಲ. ಮನೆಯಲ್ಲಿ ಅಪ್ಪ 'ಮುಂಗೋಪಿ', ನಾನು 'ಸೋಂಬೇರಿ'.

ಇದು ಗುಣವೋ, ಹುಟ್ಟಿನಿಂದ ಬಂದದ್ದೋ? ಈ ಪ್ರಶ್ನೆಯ ಹಿಂದೆ ಸುಮಾರು 300 ವರ್ಷದ ಚರಿತ್ರೆ ಇದೆ.

1729ರಲ್ಲಿ ಫ್ರಾನ್ಸಿನ ಡಿ ಮೆರಾನ್ ಎಂಬ ಖಗೋಳ ವಿಜ್ಞಾನಿ ಮುಟ್ಟಿದರೆ ಮುನಿ ಜಾತಿಯ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಬಿಸಿಲೇ ಕಾಣದಿದ್ದರೂ ಎಲೆಗಳು ಹಗಲು ಬಿಚ್ಚಿಕೊಂಡವು, ರಾತ್ರಿ ಮುಚ್ಚಿಕೊಂಡವು. ಅಂದರೆ ಗಡಿಯಾರ ಒಳಗೇ ಇತ್ತು. ಅದರ ಮೊದಲ ಜೀನ್ ಸುಳಿವು ಸಿಕ್ಕಿದ್ದು 1971ರಲ್ಲಿ. ಅಮೆರಿಕದ ರೊನಾಲ್ಡ್ ಕೊನೋಪ್ಕಾ ಮತ್ತು ಸೀಮೋರ್ ಬೆಂಜರ್ ವಿಚಿತ್ರ ಹಣ್ಣಿನ ನೊಣಗಳನ್ನು ಗುರುತಿಸಿದರು. ಒಂದು ಬಗೆಗೆ ದಿನ ಅಂದರೆ 19 ಗಂಟೆ, ಇನ್ನೊಂದಕ್ಕೆ 28, ಮತ್ತೊಂದಕ್ಕೆ ದಿನದ ಲೆಕ್ಕವೇ ಇಲ್ಲ. ಮೂರಕ್ಕೂ ಕಾರಣ ಒಂದೇ ಜೀನಿನ ಬದಲಾವಣೆ. ಆ 'ಪೀರಿಯಡ್' ಜೀನಿನ ಕೆಲಸ ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಮನುಷ್ಯರಲ್ಲೂ, ಸಂಜೆ ಏಳೂವರೆಗೇ ನಿದ್ದೆಗೆ ಜಾರುವ ಒಂದು ಅಮೆರಿಕನ್ ಕುಟುಂಬದಲ್ಲಿ ಅದರ ಬಳಗದ ಜೀನೊಂದು ಬದಲಾಗಿರುವುದು 2001ರಲ್ಲಿ ಗೊತ್ತಾಯಿತು.

ಈ ಕಥೆಯ ಒಂದು ಅಧ್ಯಾಯ ನಮ್ಮ ಬೆಂಗಳೂರಿನದ್ದು. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮಾ ಅವರ ತಂಡ, ಬೆಳಿಗ್ಗೆ ಕೋಶದಿಂದ ಹೊರಬರುವ ನೊಣಗಳನ್ನೇ ಒಂದು ಕಡೆ, ಸಂಜೆ ಬರುವವನ್ನೇ ಇನ್ನೊಂದು ಕಡೆ ತಲೆಮಾರುಗಟ್ಟಲೆ ಸಾಕಿತು. 50ಕ್ಕೂ ಹೆಚ್ಚು ತಲೆಮಾರು ಕಳೆದಾಗ ಬೆಳಗಿನ ವಂಶದ ಗಡಿಯಾರ ಚುರುಕಾಗಿತ್ತು, ಸಂಜೆಯ ವಂಶದ್ದು ನಿಧಾನವಾಗಿತ್ತು. ಅಭ್ಯಾಸ ಕಲಿಸಲು ಅಲ್ಲಿ ಯಾವ ಅಪ್ಪನೂ ಇರಲಿಲ್ಲ!

ಹಾಗಂತ ಎಲ್ಲವನ್ನೂ ಜೀನಿನ ತಲೆಗೆ ಕಟ್ಟೋಕಾಗಲ್ಲ. 2019ರಲ್ಲಿ ಸುಮಾರು 7 ಲಕ್ಷ ಜನರ ಅಧ್ಯಯನ ಇಂಥ 351 ಜೀನ್ ತಾಣಗಳನ್ನು ಪಟ್ಟಿಮಾಡಿತು. 'ಮುಂಜಾನೆ' ಗುರುತುಗಳು ಅತಿ ಹೆಚ್ಚಿರುವ ಶೇ. 5 ಮಂದಿ, ಅತಿ ಕಡಿಮೆ ಇರುವ ಶೇ. 5 ಮಂದಿಗಿಂತ ಸರಾಸರಿ ಬರೀ 25 ನಿಮಿಷ ಮೊದಲು ಮಲಗುತ್ತಿದ್ದರು. ಉಳಿದದ್ದರಲ್ಲಿ ವಯಸ್ಸು, ಬೆಳಕು, ಕೈಲಿರೋ ಮೊಬೈಲು ಎಲ್ಲ ಇವೆ.

ಆದರೂ 'ಕರ್ನಾಟಕದ ಮ್ಯಾಂಚೆಸ್ಟರ್' ಅನಿಸಿಕೊಂಡ ದಾವಣಗೆರೆಯ ಹತ್ತಿ ಗಿರಣಿಗಳಿರಲಿ, ಹರಿಹರದ ಕಾರ್ಖಾನೆಗಳಿರಲಿ, ಸೈರನ್ ಎಲ್ಲರಿಗೂ ಒಂದೇ. ನೈಟ್ ಶಿಫ್ಟ್ ಯಾರಿಗೂ ಸಲೀಸಲ್ಲ. ಅಪ್ಪನಂಥ ಮುಂಜಾನೆ ಮನುಷ್ಯರಿಗೆ ಇನ್ನೂ ಕಷ್ಟ.

ಹೋದ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಂಗಾರೆ ನೈಟ್ ಶಿಫ್ಟ್‌ನಾಗೆ ನಿಮಗೆಲ್ಲ ಬೈದಿದ್ದು ನಾನಲ್ಲ ಅಂತೀಯೇನಲೇ?"

"ಅರ್ಧ ನೀನೇ ಬಿಡಪ್ಪ," ಅಂದೆ.

ನಕ್ಕ. ಮಾರನೇ ದಿನ ಎಂಟಾದರೂ ನನ್ನನ್ನು ಎಬ್ಬಿಸಲಿಲ್ಲ.